ಹೊನ್ನಾಳಿಗೆ ಬಂದ ಐರ್ಲೆಂಡಿನ ಕಿಟಕಿ

ನನ್ನ ಗಂಡ ಬಡಗಿ, ಮಾವನೂ ಬಡಗಿಯೇ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹೊನ್ನಾಳಿಯ ಅಂಚಿನಲ್ಲಿ ಪುಟ್ಟದೊಂದು ಚರ್ಚು ಎದ್ದಿತ್ತು. ಅದರ ಕಿಟಕಿಗೆ ಚೌಕಟ್ಟು ಮಾಡಿ ಬಣ್ಣದ ಗಾಜು ಕೂರಿಸುವ ಕೆಲಸವನ್ನು ಇವರು ಒಪ್ಪಿಕೊಂಡುಬಿಟ್ಟರು. ಮಾವನಿಗೆ ಎಲ್ಲಿತ್ತೋ ಆ ಸಿಟ್ಟು!

"ಗಾಜಿನ ಕೆಲಸ ನಮ್ಮ ವಂಶದಾಗೆ ಯಾರೂ ಮಾಡಿಲ್ಲ. ಒಡೆದು ನನ್ನ ಮಾನ ಕಳೀತೀಯ. ಮಾಡಾದೇ ಆದ್ರೆ ಬ್ಯಾರೆ ಇರು," ಅಂದರು.

ಹಿಂದಿನ ಬೀದಿಯ ಒಂದು ಕೋಣೆಗೆ ಬಂದೆವು. ಅಪ್ಪ ಮಗ ಮಾತು ಬಿಟ್ಟರು. ಇವರಿಗೆ ಊಟವೇ ಸೇರುತ್ತಿರಲಿಲ್ಲ. "ಕಿಟಕಿ ಚೆಂದಾಗಿ ನಿಂತ್ರೆ ಅಪ್ಪ ತಾನಾಗೇ ಕರೀತಾನೆ ನೋಡು," ಎಂದು ದಿನಾ ಹೇಳೋರು, ನನಗೋ ತಮಗೋ.

ಪಾದ್ರಿಗಳು ಐರ್ಲೆಂಡಿನವರು. ಅಲ್ಲಿ ಮಳೆಯೇ ಹೆಚ್ಚಂತೆ, ಬಿಸಿಲು ಅಪರೂಪವಂತೆ. ಬಂದಷ್ಟು ಬಿಸಿಲಿಗೂ ಚರ್ಚಿನ ಕಿಟಕಿಗಳಲ್ಲಿ ಬಣ್ಣ ತೊಡಿಸುತ್ತಾರಂತೆ. ನಮ್ಮ ಕಿಟಕಿ ಮಾಡಿದ್ದು ಅವರ ತಂಗಿ. ಬಣ್ಣದ ಗಾಜು ಕತ್ತರಿಸಿ, ಮುಖ, ಬೆರಳು ಎಲ್ಲ ಕುಂಚದಲ್ಲಿ ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಯಿಂದ ಚೂರು ಚೂರನ್ನೂ ಜೋಡಿಸಿದ್ದಳಂತೆ. ಹೆಂಗಸು ಕುಲುಮೆ ಮುಂದೆ ಕೂತು ಕೆಲಸ ಮಾಡುತ್ತಾಳೆ ಅಂದರೆ ನನಗೆ ಒಳಗೊಳಗೇ ಖುಷಿ.

ಹುಲ್ಲು ತುಂಬಿದ ಪೆಟ್ಟಿಗೆ ಹಡಗು, ರೈಲು, ಎತ್ತಿನ ಗಾಡಿ ಎಲ್ಲ ಹತ್ತಿಳಿದು ಬಂತು. ಅಷ್ಟು ಹೊತ್ತಿಗೆ ಪಾದ್ರಿಗಳು ಚಳಿಜ್ವರ ಬಂದು ಶಿವಮೊಗ್ಗದ ಆಸ್ಪತ್ರೆ ಸೇರಿದ್ದರು. ಇವರು ಹೊರಗಿನಿಂದ ಗೋಣಿತಾಟು ಹೊಡೆದು, ಮಂಗಗಳ ಕಾಟ ತಪ್ಪಿಸಿ, ಒಂದು ಚೂರೂ ಬಿರುಕು ಬಿಡದಂತೆ ಗಾಜು ಕೂರಿಸಿದರು. ತಾಟಿನ ಕತ್ತಲಲ್ಲಿ ಗಾಜಿನ ಬಣ್ಣ ಇವರಿಗೂ ಕಂಡಿರಲಿಲ್ಲ, ಹೇಳಲು ಪಾದ್ರಿಗಳೂ ಇರಲಿಲ್ಲ.

ತಾಟು ತೆಗೆಯುವ ಬೆಳಿಗ್ಗೆ ಅರ್ಧ ಊರು ರಸ್ತೆಯಲ್ಲಿ ನಿಂತಿತ್ತು. ಮಾವನೂ ದೂರದಲ್ಲಿ, ಬೇವಿನ ಮರದ ಕೆಳಗೆ. ಇವರು ಏಣಿ ಹತ್ತಿ ತಾಟು ಎಳೆದರು. ಅಯ್ಯೋ ಶಿವನೇ, ಬರೀ ಕಪ್ಪು!

"ಇದೇನ್ರೀ, ರೊಟ್ಟಿ ಹೆಂಚು ನಿಲ್ಲಿಸಿದಂಗೈತೆ!"

"ಇದನ್ನ ತರಾಕೆ ಹಡಗು ಬೇಕಾಗಿತ್ತಾ?"

ನಗುವೋ ನಗು. ಏಣಿಯ ಮೇಲೆ ಇವರ ಮುಖ ಸಣ್ಣಗಾಗಿತ್ತು. ಮಾವ ಬೆನ್ನು ತಿರುಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಈ ಜನದ ಮುಂದೆ ಅಳಬಾರದೆಂದು ಚರ್ಚಿನೊಳಗೆ ನುಗ್ಗಿದೆ.

ಒಳಗೆ ನೆಲವೆಲ್ಲ ಕೆಂಪು, ನೀಲಿ, ಹಳದಿ! ನನ್ನ ಮಾಸಲು ಸೆರಗು ಸಂಪಿಗೆ ಬಣ್ಣಕ್ಕೆ ತಿರುಗಿತ್ತು. ಮೇಲೆ ನೋಡಿದರೆ ಕುರಿಮರಿ ಹೊತ್ತ ಸಂತ, ಥೇಟ್ ನಮ್ಮ ಕುರಿಗಾಹಿಯೇ, ಬೆಳಗುತ್ತಿದ್ದ.

"ರೀ! ಒಳಗೆ ಬರ್ರೀ! ಎಲ್ಲಾರೂ ಬರ್ರೀ!" ಎಂದು ಕಿರುಚಿದೆ.

ನಮ್ಮದೇ ತಪ್ಪು. ಗುಡಿಯಲ್ಲಿ ಹೊರಗೆ ನಿಂತು ಗರ್ಭಗುಡಿಯೊಳಗೆ ಇಣುಕಿ ಅಭ್ಯಾಸವಾದವರು ನಾವು. ಒಳಗೆ ನಿಂತು ಬೆಳಕಿನ ಕಡೆ ನೋಡಬೇಕಾದ ದೇವರೂ ಉಂಟೆಂದು ಯಾರಿಗೆ ಗೊತ್ತು? ಚರ್ಚಿನ ಹೊಸ್ತಿಲು ತುಳಿಯಲ್ಲ ಎಂದಿದ್ದವರೆಲ್ಲ ಮೆಟ್ಟು ಕಳಚಿ ಬಂದರು. ನಮ್ಮತ್ತೆ ಅಂಗೈ ಚಾಚಿ, ನೀಲಿ ಬೆಳಕು ಹಿಡಿದು, ಚಿಕ್ಕ ಹುಡುಗಿಯ ಹಾಗೆ ನಕ್ಕರು.

ಕೊನೆಗೆ ಮಾವ ಬಂದರು. ಸಂತನನ್ನು ನೋಡಲೇ ಇಲ್ಲ. ಏಣಿ ತರಿಸಿ ಹತ್ತಿ, ಚೌಕಟ್ಟಿನ ಮರ ಮರ ಸೇರುವ ಸಂದಿನ ಮೇಲೆ ಹೆಬ್ಬೆರಳು ಎಳೆದರು. ಮತ್ತೆ ಎಳೆದರು. ಇವರು ಕೆಳಗೆ ಏಣಿ ಹಿಡಿದು ನಿಂತಿದ್ದರು.

ಮಾವ ಇಳಿದು ಬಂದವರೇ ಮಗನ ಹತಾರಗಳ ಚೀಲವನ್ನು ತಮ್ಮ ಹೆಗಲಿಗೆ ಏರಿಸಿಕೊಂಡರು.

"ನಡಿಯೋ, ನಿಮ್ಮವ್ವ ಅಡಿಗಿ ಮಾಡ್ಯಾಳೆ."