ಹಾರದ ಕೆಳಗಿನ ಕೆಂಪು ದೀಪ

ಅವಳು ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಯಕ್ಕ ಎನ್ನುತ್ತಿದ್ದಳು. ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಸರ್ ಒಬ್ಬರು ಹಳ್ಳಿಯ ಹೆಂಗಸರ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದರು. ನಾವಿಬ್ಬರೂ ಅವರ ಕೈಕೆಳಗೆ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ಮೈಕ್ ಹಿಡಿದರೆ ಮುದುಕಿಯರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಅಷ್ಟೇ. ಇವಳು ಎದುರು ಕೂತು ಬೀಸುಕಲ್ಲಿನ ಗೂಟಕ್ಕೆ ಕೈ ಹಾಕಿದರೆ ಸಾಕು, ಪದ ತಾನಾಗಿ ಹೊರಬೀಳುತ್ತಿತ್ತು. ಸರ್ ಬಾಯಲ್ಲಿ ಮೂರು ಹೊತ್ತೂ ಅವಳದೇ ಹೆಸರು. ಸುಳ್ಳು ಯಾಕೆ ಹೇಳಲಿ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಡುಗಳೆಲ್ಲ ಒಂದು ಸರ್ವರಿನಲ್ಲಿದ್ದವು. ಅದರೊಳಗೆ ಎರಡು ಡಿಸ್ಕು. ಒಂದರಲ್ಲಿ ಬಿದ್ದದ್ದು ಅದೇ ಗಳಿಗೆಗೆ ಇನ್ನೊಂದರಲ್ಲೂ ಬೀಳುತ್ತಿತ್ತು. ಆ ಧೈರ್ಯದಲ್ಲೇ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದೆವು. ಯಂತ್ರದ ಉಸ್ತುವಾರಿಯನ್ನೂ ಸರ್ ಅವಳಿಗೇ ಕೊಟ್ಟಿದ್ದರು!

ದಸರೆಯ ಮರುದಿನ ಅವಳು ರಜೆಯಲ್ಲಿದ್ದಾಗ ಸರ್ವರ್ ಕಿರುಚಿಕೊಂಡಿತು. ಎರಡನೇ ಡಿಸ್ಕಿನ ಕೆಂಪು ದೀಪ ಹತ್ತಿತ್ತು. ಆ ಡಿಸ್ಕು ಹೊಸದನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿತ್ತು. ನಾನು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದೆ. ಪೂಜೆಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಕೆಳಗೆ ಜಗ್ಗಿ ದೀಪದ ಮುಂದೆ ಬಿಟ್ಟೆ. ಪೂಜೆಯ ಹಾರ ಒಣಗಿದರೂ ನಮ್ಮಲ್ಲಿ ಯಾರೂ ಕೈ ಹಚ್ಚುವುದಿಲ್ಲ. ಕೆಟ್ಟ ಮೇಲೆ ಬೈಸಿಕೊಳ್ಳಲಿ ಮಹಾರಾಣಿ ಎಂದುಕೊಂಡೆ.

ಎರಡು ತಿಂಗಳಲ್ಲಿ ಅವಳು ಘಾಟಬೋರಾಳದ ಮುದುಕಿಯೊಬ್ಬಳಿಂದ ನಲವತ್ತು ಪದ ತಂದಳು. ಆಮೇಲೆ ಮುದುಕಿ ತೀರಿಕೊಂಡಳು. ಯಾರೂ ಇಲ್ಲದಾಗ ನಾನು ಹೆಡ್‌ಫೋನ್ ಹಾಕಿಕೊಂಡು ಆ ಪದಗಳನ್ನು ಕೇಳುತ್ತಿದ್ದೆ. ಮುದುಕಿಗೆ ಯಾವ ಸಾಲಿನಲ್ಲಿ ಕೆಮ್ಮು ಬರುತ್ತದೆಂಬುದೂ ನನಗೆ ಬಾಯಿಪಾಠ.

ಒಂದು ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು, ಸರ್ವರ್ ಮಲಗಿಬಿಟ್ಟಿತು. ಅವಳು ಹಾರವನ್ನು ಕಣ್ಣಿಗೊತ್ತಿಕೊಂಡು ತೆಗೆದಿಟ್ಟು ಮತ್ತೆ ಚಾಲೂ ಮಾಡಿದಳು. ಯಂತ್ರ ಹೊಸದಾಗಿ ಎದ್ದದ್ದರಿಂದ ಈಗ ಕೆಂಪು ದೀಪವೂ ಆರಿತ್ತು, ಎರಡೂ ಡಿಸ್ಕು ತಿರುಗುತ್ತಿದ್ದವು.

“ಒಂದನೇದ್ರಾಗ ಭಾಳ ತಪ್ಪು ತೋರಿಸಾಕತ್ತದರಿ ಸರ್. ಎರಡನೇದು ಸಾಫ್ ಅದ. ಇದರ ನಕಲು ಅದರ ಮ್ಯಾಲ ಹಾಕ್ತೀನಿ.”

“ಹಾಕವ್ವಾ, ಹಾಕು,” ಎಂದರು ಸರ್.

ಸಾಫ್ ಇರದೆ ಏನು! ಎರಡು ತಿಂಗಳಿಂದ ಅದು ಕೆಲಸವನ್ನೇ ಮಾಡಿರಲಿಲ್ಲ. ನಲವತ್ತು ಪದ ಇದ್ದದ್ದು ಒಂದನೆಯದರಲ್ಲಿ ಮಾತ್ರ. ನಕಲು ಶುರುವಾದರೆ ತಾನು ತಂದದ್ದನ್ನು ಅವಳು ತನ್ನ ಕೈಯಾರೆ ಅಳಿಸುತ್ತಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಅವಳ ಬೆರಳು ಕೀಲಿಯ ಮೇಲೆ ಹೋಯಿತು.

“ಏ, ನಿಂದರು!” ಎಂದು ಚೀರಿದೆ. “ಎರಡನೇದು ದಸರಾದಾಗೇ ನಿಂತದ. ನನಗ ಗೊತ್ತಿತ್ತು.”

ಅವಳು ಎರಡನೆಯದನ್ನು ಕಿತ್ತು ಪಕ್ಕಕ್ಕಿಟ್ಟು, ಸಂಜೆಯವರೆಗೆ ಒಂದನೆಯದನ್ನು ಸರಿಪಡಿಸಿದಳು. ಸ್ಪೀಕರಿನಲ್ಲಿ ಮುದುಕಿ ಕೆಮ್ಮುತ್ತ ಹಾಡಿದಳು. ಆಗ ಸರ್ ನನ್ನ ಕಡೆ ತಿರುಗಿದರು.

“ಗೊತ್ತಿದ್ದು ಯಾಕ ಹೇಳಲಿಲ್ಲ?”



“ಯಕ್ಕ ಅವತ್ತೇ ಹೇಳಿದ್ರುರಿ ಸರ್,” ಎಂದಳು ಅವಳು. “ನಾನೇ ಮರ್ತೀನಿ.”

ಸರ್ ಅವಳನ್ನು ಬೈದರು. ನಾನು ಎರಡು ತಿಂಗಳಿಂದ ಕಾಯುತ್ತಿದ್ದ ಬೈಗುಳ ಅದೇ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಅವಳಿಗೆ ಕೈ ಮುಗಿಯಬೇಕಿತ್ತು. ನನಗಾದದ್ದು ಹೊಟ್ಟೆಕಿಚ್ಚೇ, ಮೊದಲಿಗಿಂತ ದುಪ್ಪಟ್ಟು. ಅಂಥ ಸುಳ್ಳು ನನ್ನ ಬಾಯಲ್ಲಿ ಯಾವತ್ತೂ ಬರುತ್ತಿರಲಿಲ್ಲ.