ಹಿಂದುಮುಂದಾದ ಸೆಹ್ರಾ

ಮೊನ್ನೆ ದೇವನಹಳ್ಳಿ ಬಳಿಯ ರೆಸಾರ್ಟೊಂದರಲ್ಲಿ ಮದುವೆಗೆ ಹೋಗಿದ್ದೆ. ಮಂಟಪ, ಹಾರ, ಊಟದ ಮೇಜು, ಎಲ್ಲಕ್ಕೂ ಒಂದೇ ತಿಳಿಗುಲಾಬಿ ಬಣ್ಣ. ಅಲಂಕಾರ ಮಾಡಿದವರು ಬೆಂಗಳೂರಿನ ಡಿಸೈನರ್ ಅಂತೆ. ಮದುಮಗಳು ಪಕ್ಕದಲ್ಲಿ ಹಾದುಹೋದಾಗ ಅವಳ ಮೊಗ್ಗಿನ ಜಡೆಯಿಂದ ಮರುಗದ ವಾಸನೆ ಗಮ್ಮೆಂದು ಬಂತು. ಹೂವಿನಕ್ಕ ನೆನಪಾಗಿ, ಹೋಗಿ ನಮ್ಮ ಅತ್ತೆಯ ಪಕ್ಕ ಕುಳಿತುಬಿಟ್ಟೆ.

ದೊಡ್ಡಬಳ್ಳಾಪುರದಲ್ಲಿ ನನ್ನ ತವರುಮನೆಯ ಬೀದಿಯ ಕೊನೆಗೆ ಹೂವಿನಕ್ಕನ ಪುಟ್ಟ ಅಂಗಡಿಯಿತ್ತು. ನಮ್ಮವರಿಗೆ ಮೊಗ್ಗಿನ ಜಡೆ, ಮುಸ್ಲಿಮರ ಮನೆಗೆ ಸೆಹ್ರಾ, ಚರ್ಚಿನಲ್ಲಿ ಮದುವೆಯಾಗುವ ಹುಡುಗಿಗೆ ಬಿಳಿ ಹೂವಿನ ಕಿರೀಟ, ಎಲ್ಲವನ್ನೂ ಅವರೇ ಕಟ್ಟುತ್ತಿದ್ದರು. ಯಾರ ಮದುವೆಗೆ ಹೋದರೂ ಅಕ್ಕ ಊಟಕ್ಕಿಂತ ಮುಂಚೆ ಹೂ ನೋಡುವವರು. ಒಬ್ಬರ ಮನೆಯಲ್ಲಿ ಕಂಡದ್ದು ಮುಂದಿನ ತಿಂಗಳು ಇನ್ನೊಬ್ಬರ ಹಾರದಲ್ಲಿ ಸದ್ದಿಲ್ಲದೆ ಬಂದು ಸೇರುತ್ತಿತ್ತು. ಯಾರಾದರೂ ಮೊಬೈಲ್‌ನಲ್ಲಿ ಚಿತ್ರ ತೋರಿಸಿ ಹೀಗೇ ಬೇಕೆಂದರೆ ಮಾತ್ರ ಸಿಟ್ಟು ಬರುತ್ತಿತ್ತು. ಹಾಗಾದರೆ ಮೊಬೈಲನ್ನೇ ಮುಡಿದುಕೊ ಅನ್ನುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಅಮ್ಮನಿಗೆ ಹಳೆಯ ಹರಕೆಯೊಂದು ನೆನಪಾಯಿತು. ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದ್ದಾಗ, ಉಳಿದರೆ ಮುಡಿ ಕೊಡಿಸುತ್ತೇನೆಂದು ತಿಮ್ಮಪ್ಪನಿಗೆ ಹೇಳಿಕೊಂಡಿದ್ದಳಂತೆ. ಹರಕೆ ತೀರಿಸದೆ ತಾಳಿ ಕಟ್ಟಿಸಬಾರದೆಂದು ಹೆದರಿ, ಮದುವೆಗೆ ಇನ್ನೂ ವರ್ಷವಿದೆ ಎಂಬ ಧೈರ್ಯದಲ್ಲಿ ತಿರುಪತಿಗೆ ಕರೆದೊಯ್ದು ನನ್ನ ತಲೆ ಬೋಳಿಸಿಯೇಬಿಟ್ಟಳು. ತಿಮ್ಮಪ್ಪನಿಗೆ ತೃಪ್ತಿಯಾಯಿತೋ ಏನೋ, ಹುಡುಗನ ಅಜ್ಜ ಹಾಸಿಗೆ ಹಿಡಿದರು. ಅವರು ಕಣ್ಣು ಮುಚ್ಚುವ ಮೊದಲೇ ಮದುವೆ ಆಗಬೇಕೆಂದು ಗಂಡಿನ ಕಡೆಯವರು ಅವಸರ ಮಾಡಿದರು.

ಉದ್ದ ಜಡೆ ನೋಡಿ ಮೆಚ್ಚಿದ ಮನೆ ಅದು. ವಿಷಯ ತಿಳಿದು ಬೇಡ ಅಂದುಬಿಟ್ಟರೆ... ಅಮ್ಮ ಯಾರಿಗೂ ಬಾಯಿ ಬಿಡಕೂಡದೆಂದು ತಾಕೀತು ಮಾಡಿದಳು. ನನಗಂತೂ ಹುಡುಗ ಮನಸ್ಸಿಗೆ ಹಿಡಿಸಿಬಿಟ್ಟಿದ್ದ. ಚೌರಿ ಕಟ್ಟೋಣವೆಂದರೆ ಗಂಟು ಹಾಕುವಷ್ಟೂ ಕೂದಲಿಲ್ಲ. ಕೊನೆಗೆ ಅಮ್ಮ ನನ್ನನ್ನು ಹೂವಿನಕ್ಕನ ಅಂಗಡಿಗೆ ಕರೆದುಕೊಂಡು ಹೋಗಿ ಅಳುತ್ತಾ ಕುಳಿತಳು.

ಅಕ್ಕ ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಗೋಡೆಯಲ್ಲಿ ಯಾರದೋ ಮದುವೆಯ ಸೆಹ್ರಾ ತೂಗುತ್ತಿತ್ತು. ಮದುಮಗನ ಹಣೆಗೆ ಪಟ್ಟಿ ಕಟ್ಟಿ ಮುಖದ ಮೇಲೆ ಹೂವಿನ ಎಳೆ ಇಳಿಬಿಡುವ ಅಲಂಕಾರ ಅದು. ಅದನ್ನು ತೆಗೆದು ನನ್ನ ತಲೆಗೆ ಹಿಂದುಮುಂದಾಗಿ ಇಟ್ಟರು.

“ಮುಂದಕ್ಕೆ ಇಳಿಬಿಟ್ರೆ ಅವರದ್ದು, ಹಿಂದಕ್ಕೆ ಇಳಿಬಿಟ್ರೆ ನಮ್ದು. ಹೂವಿಗೇನು ಗೊತ್ತಾಗ್ತದೆ, ಸುಮ್ನಿರವ್ವ,” ಅಂದರು ಅಮ್ಮನಿಗೆ.

ಮದುವೆಯ ದಿನ ಹಾಗೇ ಕಟ್ಟಿದರು. ಹಣೆಯ ಪಟ್ಟಿ ಬಾಸಿಂಗದ ಹಿಂದೆ ಅಡಗಿತು. ನೆತ್ತಿಗೆ ಚರ್ಚಿನ ಹುಡುಗಿಯರ ಕಿರೀಟದಂತೆ ಮಲ್ಲಿಗೆ ಮೊಗ್ಗಿನ ಟೊಪ್ಪಿ, ಅದರಿಂದ ಸೊಂಟದವರೆಗೆ ಇಳಿದ ಜಡೆ, ನಡುನಡುವೆ ಮರುಗ. ಧಾರೆಯ ಹೊತ್ತಿಗೆ, ಬಗ್ಗಿದರೆ ಎಲ್ಲಾ ಕಳಚಿ ಮಡಿಲಿಗೆ ಬೀಳುತ್ತದೆಂಬ ಭಯಕ್ಕೆ ನನ್ನ ಕುತ್ತಿಗೆ ಬಿಗಿದುಕೊಂಡಿತ್ತು. ಅಕ್ಕ ನನ್ನ ಹಿಂದೆಯೇ ನಿಂತಿದ್ದರು. ಏನೂ ಬೀಳಲಿಲ್ಲ. ಮಾರನೆಯ ದಿನ ಜಡೆ ತೆಗೆದಾಗ ಅತ್ತೆ ನನ್ನ ತಲೆ ನೋಡಿ, ಬೆಳೆಯುತ್ತದೆ ಬಿಡು ಅಂದರು. ತಾಳಿ ಬಿದ್ದ ಮೇಲೆ ಇನ್ನೇನು ತಾನೇ ಅಂದಾರು ಎಂದುಕೊಂಡೆ.

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಅವರ ಕೈಗೆ ಇಂಥ ರೆಸಾರ್ಟ್ ಸಿಕ್ಕಿದ್ದರೆ ಏನೇನು ಮಾಡಿಬಿಡುತ್ತಿದ್ದರೋ ಎಂದು ಮೊನ್ನೆ ಅತ್ತೆಯ ಹತ್ತಿರ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿ ಕುಳಿತರು.

“ನಿನ್ ಮದುವೆಗೆ ಮುಂಚೆ ನಿಮ್ ಹೂವಿನಕ್ಕ ನಮ್ಮನೇಗೆ ಬಂದಿದ್ಲು ಕಣಮ್ಮ. ಹುಡುಗಿ ಮುಡಿ ಕೊಟ್ಟವ್ಳೆ, ಬೇಡ ಅನ್ನೋಂಗಿದ್ರೆ ಈಗ್ಲೇ ಅಂದ್ಬಿಡಿ, ಮಂಟಪದಲ್ಲಿ ಅವಮಾನ ಮಾಡ್ಬೇಡಿ ಅಂದ್ಲು. ನಾನು ಬೇಡ ಅಂತೀನಾ? ಆಮೇಲೆ, ನಾ ಬಂದಿದ್ದು ಹುಡುಗಿಗೆ ಗೊತ್ತಾಗೋದು ಬೇಡ ಅಂತ ನನ್ನಿಂದ ಮಾತು ತಗೊಂಡ್ಲು.”

ಇಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಆ ಜಡೆಯ ಜಾಣತನವನ್ನೇ ಹೊಗಳಿಕೊಂಡು ಬಂದಿದ್ದೆ... ಅಕ್ಕನ ಎದುರಿಗೂ. ಅವರು ನಕ್ಕು ಹೂ ಕಟ್ಟುವುದನ್ನು ಮುಂದುವರಿಸುತ್ತಿದ್ದರು. ಈಗ ಓಡಿಹೋಗಿ ಅವರ ಕೈ ಹಿಡಿದುಕೊಳ್ಳೋಣವೆಂದರೆ ಅಂಗಡಿಯೂ ಇಲ್ಲ, ಅಕ್ಕನೂ ಇಲ್ಲ. ಅತ್ತೆಯ ಕೈ ಹಿಡಿದುಕೊಂಡು, ಅಷ್ಟು ಜನರ ನಡುವೆ, ಅತ್ತುಬಿಟ್ಟೆ.