ಇಪ್ಪತ್ತು ಸೆಕೆಂಡು ಸುಮ್ಮನಿರದ ಕೂಸು

ಏಳನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಕೂಸಿನ ಮಿದುಳಿನೊಳಗೆ ನೀರು ತುಸು ಹೆಚ್ಚಿರುವಂತೆ ಕಾಣುತ್ತದೆ ಎಂದರು ದಾಂಡೇಲಿಯ ಡಾಕ್ಟರು. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದರೆ ಖಚಿತವಾಗುತ್ತದೆ, ಹೋಗುವ ಮುಂಚೆ ಸಿಹಿ ತಿನ್ನಬೇಡಿ, ಕೂಸು ಜಿಗಿದಾಡೀತು ಎಂದೂ ಹೇಳಿದರು. ಆ ವಾರವಿಡೀ ನಾನು ಕಂಡಕಂಡವರ ಮೇಲೆ ಹರಿಹಾಯ್ದೆ. ಹೆದರಿದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಗಂಡನಿಗೆ ಪೇಪರ್ ಮಿಲ್ಲಿನಲ್ಲಿ ರಜೆ ಸಿಗದೆ ಅತ್ತೆ ನನ್ನ ಜೊತೆ ಹೊರಟರು.

ದಾರಿಯಲ್ಲಿ ಹಳಿಯಾಳ, ಹಳಿಯಾಳದಲ್ಲಿ ಅತ್ತೆಯ ತಂಗಿ. ಬಸುರಿ ಮನೆ ಮುಂದೆ ಹಾದುಹೋದರೆ ಉಣಿಸದೆ ಬಿಡುವವರಲ್ಲ ನಮ್ಮ ಕಡೆಯವರು. ಗೋದಿ ಹುಗ್ಗಿ ಕಾದಿತ್ತು.

“ಡಾಕ್ಟರ ಸಿಹಿ ಬ್ಯಾಡ ಅಂದಾರ್ರಿ,” ಎಂದೆ.

“ಇದ್ರಾಗ ಸಕ್ರಿ ಎಲ್ಲೈತವಾ? ಬರೇ ಬೆಲ್ಲ. ಬೆಲ್ಲ ಏನೂ ಮಾಡಂಗಿಲ್ಲ,” ಎಂದರು ಅತ್ತೆಯ ತಂಗಿ.

ಎರಡು ಬಟ್ಟಲು ಹೊಡೆದೆ. ತಪ್ಪು ನನ್ನದೂ ಇದೆ, ಹುಗ್ಗಿ ಚೆನ್ನಾಗಿತ್ತು.

ಹುಬ್ಬಳ್ಳಿಯಲ್ಲಿ ನನ್ನನ್ನು ಯಂತ್ರದೊಳಗೆ ಜಾರಿಸಿದರು. “ಉಸಿರು ಹಿಡೀರಿ, ಇಪ್ಪತ್ತು ಸೆಕೆಂಡು,” ಎಂದಳು ಯಂತ್ರ ನಡೆಸುವ ಹುಡುಗಿ. ನಾನು ಕಲ್ಲಿನಂತೆ ಮಲಗಿದೆ. ಒಳಗಿನದು ಮಾತ್ರ ಕುಸ್ತಿಗೆ ನಿಂತಿತ್ತು. ಕೂಸು ತಲೆ ಅಲುಗಿಸಿದಾಗಲೆಲ್ಲ ಮಿದುಳಿನ ಚಿತ್ರ ಕಲಸಿಹೋಗುತ್ತಿತ್ತು. ಆರು ಸಲ ತೆಗೆದರು, ಆರೂ ಹಾಳು. ಹುಡುಗಿ ನನ್ನನ್ನು ಅತ್ತೆ ಕೂತಿದ್ದಲ್ಲಿಗೆ ಕರೆತಂದಳು.

“ಅಕ್ಕಾರ, ಏನ್ ತಿಂದು ಬಂದೀರಿ?”

ಅತ್ತೆ ನನಗಿಂತ ಮೊದಲು, “ಏನಿಲ್ಲವಾ, ಒಂದೀಟ ಹುಗ್ಗಿ. ಬೆಲ್ಲದ್ದು,” ಎಂದರು.

ಹುಡುಗಿ ನಕ್ಕು, ನನ್ನನ್ನು ಒಂದು ತಾಸು ಎಡಮಗ್ಗುಲಿಗೆ ಮಲಗಿಸಿದಳು.

ಮತ್ತೆ ಒಳಗೆ ಹೋದಾಗ, ಇನ್ನೊಮ್ಮೆ ಒದ್ದರೆ ನೋಡು ಎಂದು ಮನಸ್ಸಿನಲ್ಲೇ ಕೂಸನ್ನು ಗದರಿದೆ. ಅದು ಸುಮ್ಮನಾಯಿತು. ಒಂದು ಚಿತ್ರ ಬಂತು, ಎರಡು, ಮೂರು. ನಾಲ್ಕನೆಯದೂ ಬಂತು. ಯಾಕಿಷ್ಟು ಸುಮ್ಮನಿದೆ? ಚಿತ್ರ ಹಾಳಾದರೆ ಹಾಳಾಗಲಿ, ಒಂದು ಸಲ ಒದಿ ನನ್ನಪ್ಪಾ ಎಂದು ಬೇಡಿಕೊಂಡೆ. ಯಂತ್ರದ ಸದ್ದು ನಿಂತಿತು. “ಆತ್ರೀ ಅಕ್ಕಾರ, ಎಲ್ಲಾ ಚಲೋ ಬಂದಾವು,” ಎಂದಳು ಹುಡುಗಿ. ಆಗ ಪಕ್ಕೆಗೆ ಬಿತ್ತು ಒಂದು ಒದೆ. ಅಂಥ ಸುಖದ ನೋವು ನಾನು ಕಂಡಿರಲಿಲ್ಲ.

ಸಂಜೆ ಅಲ್ಲಿನ ಡಾಕ್ಟರು ಚಿತ್ರ ನೋಡಿ, ಮಿದುಳು ಸರಿಯಾಗಿದೆ, ನೀರೂ ಅಳತೆಯಲ್ಲೇ ಇದೆ ಎಂದರು. ಗಂಡನಿಗೆ ಫೋನು ಹಚ್ಚಿದೆ. ಮಿಲ್ಲಿನ ಗದ್ದಲದಲ್ಲಿ ಅವರಿಗೆ ಕೇಳಿಸದೆ, “ಮಿದುಳು ಚಲೋ ಐತಂತರೀ,” ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಮೂರು ಸಲ ಕೂಗಿದೆ. ಆ ಕಡೆ ಗದ್ದಲ ದೂರವಾಯಿತು, ಅವರು ಹೊರಗೆ ಬಂದಿದ್ದರು.

“ಈಗ ಒದಿಯಾಕತ್ತೈತೇನ?” ಎಂದು ಕೇಳಿದರು.

“ಒಂದ ಸಮನ ಒದಿಯಾಕತ್ತೈತಿ.”

“ಒದಿಲಿ ಬಿಡು,” ಎಂದರು. ಅವರು ಅಳುತ್ತಿದ್ದರು.